ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ಬಟ್ಟೆ

ಸ್ತನದ ಆಪರೇಷನ್ ಮುಗಿಸಿಕೊಂಡು ಮನೆಗೆ ಹೊರಟ ಹೆಂಗಸಿನ ಕೈಗೆ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಬಹಳಷ್ಟು ವಿಷಯ ಬರೆದಿರುತ್ತದೆ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ. ಡ್ರೆಸ್ಸಿಂಗ್ ಬದಲಿಸಲು ಯಾವತ್ತು ಬರಬೇಕು. ಡ್ರೈನ್ ಡಬ್ಬಿಯಲ್ಲಿ ದಿನಕ್ಕೆ ಎಷ್ಟು ನೀರು ಕೂಡಿತೆಂದು ಹೇಗೆ ಅಳೆದು ಬರೆದಿಡಬೇಕು. ಬಯಾಪ್ಸಿ ವರದಿ ಎಂದು ಬರುತ್ತದೆ. ಇನ್ನೂ ಹಸಿಯಾಗಿರುವ ಆ ಗಾಯದ ಮೇಲೆ ಅವಳು ಏನನ್ನು ತೊಡಬೇಕು ಎಂಬುದು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಗುಳಿಗೆಯನ್ನು ದಿನಕ್ಕೆ ಎರಡು ಸಲ ನುಂಗಿದರೆ ಮುಗಿಯಿತು. ಬಟ್ಟೆ ಹಗಲೂ ರಾತ್ರಿ ಗಾಯಕ್ಕೆ ತಾಗಿಕೊಂಡೇ ಇರುತ್ತದೆ.

ಕೇಳುವವರೂ ಕಡಿಮೆ. ಬೆಳಗಿನ ರೌಂಡ್ಸಿಗೆ ಬಂದ ಸರ್ಜನ್ ಸುತ್ತ ನಾಲ್ಕಾರು ಕಿರಿಯ ಡಾಕ್ಟರುಗಳಿರುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಮಗನೋ ಮೈದುನನೋ ನಿಂತಿರುತ್ತಾನೆ. ಅಷ್ಟು ಜನರೆದುರು 'ಬಾಡಿ'ಯ ಮಾತು ಎತ್ತುವುದು ಹೇಗೆ? ಎಲ್ಲರೂ ಹೋದ ಮೇಲೆ ದನಿ ತಗ್ಗಿಸಿ, "ಸಿಸ್ಟರ್, ಇನ್ಮೇಲೆ ಒಳಗಡೆ ಏನು ಹಾಕ್ಕೊಳ್ಳಲಿ?" ಎಂದು ಒಬ್ಬಿಬ್ಬರು ಕೇಳಿಯಾರು. ಆ ಸಿಸ್ಟರಿಗೂ ಇದನ್ನು ಯಾರೂ ಕಲಿಸಿರುವುದಿಲ್ಲ. "ಸಡಿಲವಾಗಿರೋದು ಏನಾದ್ರೂ ಹಾಕ್ಕೊಳ್ಳಿ ಅಮ್ಮಾ" ಎಂದು ಆಕೆ ಮುಂದಿನ ಹಾಸಿಗೆಗೆ ಹೋಗುತ್ತಾಳೆ. ಊರಿಗೆ ಬಂದವಳು ಹಳೆಯ ಬ್ರಾವನ್ನೇ ಹಾಕಿಕೊಳ್ಳಲು ನೋಡುತ್ತಾಳೆ. ಕೈ ಹಿಂದಕ್ಕೆ ಹೋಗುವುದಿಲ್ಲ. ಸೊಸೆಯಿಂದ ಹುಕ್ಕು ಹಾಕಿಸಿಕೊಂಡರೆ ಪಟ್ಟಿ ಸರಿಯಾಗಿ ಹೊಲಿಗೆಯ ಗಾಯದ ಮೇಲೆಯೇ ಬಂದು ಕೂರುತ್ತದೆ. ಬಿಚ್ಚಿಟ್ಟು, ಸೆರಗು ಹೊದ್ದುಕೊಂಡು, ಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡುತ್ತಾಳೆ.

ಶಸ್ತ್ರಚಿಕಿತ್ಸೆಯ ನಂತರ ತೊಡುವ ಬ್ರಾ ಚಿಕಿತ್ಸೆಯದೇ ಭಾಗ ಎಂದು ನಾನು ನಂಬುತ್ತೇನೆ. ಮೂಳೆ ಮುರಿದವನಿಗೆ ತೋಳಿನ ಜೋಳಿಗೆಯನ್ನು ಯಾವ ಆಸ್ಪತ್ರೆಯೂ "ಅಂಗಡಿಯಲ್ಲಿ ನೋಡಿಕೊಳ್ಳಿ" ಎಂದು ಬಿಟ್ಟುಬಿಡುವುದಿಲ್ಲ. ಅಳತೆ ನೋಡಿ, ಕಟ್ಟಿ, ಎಷ್ಟು ದಿನ ಹಾಕಿಕೊಳ್ಳಬೇಕೆಂದು ಹೇಳಿ ಕಳಿಸುತ್ತದೆ. ಸ್ತನದ ಗಾಯಕ್ಕೂ ಅಷ್ಟೇ ಗಂಭೀರವಾದ ಗಮನ ಸಲ್ಲಬೇಕು. ಆ ಉಡುಪನ್ನು ಆರಿಸುವಾಗ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಆಮೇಲೆ ಬರಲಿ. ತೊಡುವವಳ ಗಾಯಕ್ಕೆ ಹೇಗಿದೆ ಎಂಬುದು ಮೊದಲು ಬರಲಿ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಇದು ಕೆಲವೇ ಜನರ ಕಷ್ಟವೂ ಅಲ್ಲ. ಭಾರತದ ಹೆಂಗಸರಲ್ಲಿ ಈಗ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಸ್ತನದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು. ಅವರಲ್ಲಿ ಬಹಳ ಮಂದಿಗೆ ಚಿಕಿತ್ಸೆಯ ಯಾವುದೋ ಒಂದು ಹಂತದಲ್ಲಿ ಶಸ್ತ್ರಚಿಕಿತ್ಸೆ ಇದ್ದೇ ಇರುತ್ತದೆ. ಗಂಟು ಕಾಣಿಸಿದರೂ ತಡಮಾಡಿ ಬರುವವರು ನಮ್ಮಲ್ಲಿ ಹೆಚ್ಚಾದ್ದರಿಂದ ಇಡೀ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ದೊಡ್ಡ ಆಪರೇಷನ್ನುಗಳೇ ಇಲ್ಲಿ ಜಾಸ್ತಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಬೀದರ್, ಚಾಮರಾಜನಗರಗಳಿಂದ ಬರುವ ಹೆಂಗಸರು ಎದೆಗೆ ಪಟ್ಟಿ ಕಟ್ಟಿಸಿಕೊಂಡು ರಾತ್ರಿ ಬಸ್ಸಿನಲ್ಲೇ ಊರಿಗೆ ಮರಳುತ್ತಾರೆ. ರಸ್ತೆಯ ಪ್ರತಿಯೊಂದು ಕುಲುಕೂ ಗಾಯಕ್ಕೆ ತಟ್ಟುವ ಆ ಪ್ರಯಾಣದಲ್ಲಿ ಎದೆಯನ್ನು ಹಿತವಾಗಿ ಹಿಡಿದಿಡುವ ಒಂದು ಬಟ್ಟೆ ಎಷ್ಟು ದೊಡ್ಡ ಆಸರೆಯೆಂದು ಅವರನ್ನೇ ಕೇಳಬೇಕು.

ಯಾವ ಬಟ್ಟೆ ಹಿತ ಎಂಬುದನ್ನು ಅಂಗಡಿಯ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ತಿಳಿಯಲಾಗುವುದಿಲ್ಲ. ಆಪರೇಷನ್ನಿನಲ್ಲಿ ಮೈಗೆ ಏನಾಯಿತೆಂದು ತಿಳಿದರೆ ತಾನಾಗಿಯೇ ಗೊತ್ತಾಗುತ್ತದೆ. ಸ್ತನ ತೆಗೆದ ಜಾಗದಲ್ಲಿ ಮೇಲಿನ ಚರ್ಮ ಕೆಳಗಿನ ಸ್ನಾಯುವಿಗೆ ಮತ್ತೆ ಅಂಟಿಕೊಳ್ಳಬೇಕು. ನಡುವೆ ಕೀವಲ್ಲದ, ತಿಳಿಹಳದಿಯ ನೀರು ಜಿನುಗುತ್ತದೆ. ಅದು ಹೊರಗೆ ಹರಿಯಲೆಂದೇ ಡ್ರೈನ್ ನಳಿಕೆ. ನೀರು ದಿನಕ್ಕೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ಅದನ್ನು ತೆಗೆಯುತ್ತಾರೆ. ಅಲ್ಲಿಯವರೆಗೆ ಒಂದು ವಾರವೋ ಎರಡು ವಾರವೋ ಅವಳು ಡಬ್ಬಿಯನ್ನು ಜೊತೆಯಲ್ಲೇ ಹೊತ್ತು ತಿರುಗಬೇಕು. ಡಬ್ಬಿ ತೂಗಾಡಿದರೆ ನಳಿಕೆ ಚರ್ಮವನ್ನು ಎಳೆಯುತ್ತದೆ, ಎಳೆದಲ್ಲಿ ಉರಿಯುತ್ತದೆ. ಬಚ್ಚಲಲ್ಲಿ ಅದನ್ನು ಎಲ್ಲಿ ನೇತುಹಾಕುವುದು, ಮಲಗುವಾಗ ಎಲ್ಲಿಡುವುದು ಎಂಬ ಚಿಂತೆಯಲ್ಲಿಯೇ ಎಷ್ಟೋ ಜನರ ನಿದ್ದೆ ಕೆಡುತ್ತದೆ. ಹೀಗಾಗಿ ಮೊದಲ ದಿನಗಳ ಉಡುಪಿಗೆ ಡಬ್ಬಿ ಇಟ್ಟುಕೊಳ್ಳುವ ಚೀಲವೋ ಕನಿಷ್ಠ ಅದನ್ನು ಪಿನ್ನಿನಿಂದ ಸಿಕ್ಕಿಸುವ ಗಟ್ಟಿ ಪಟ್ಟಿಯೋ ಬೇಕು. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಬಟ್ಟೆಯ ಚೀಲವಾದರೂ ಸಾಕು. ಇದಕ್ಕೆ ಬೇಕಾದ್ದು ಅರ್ಧ ಗಂಟೆಯ ಹೊಲಿಗೆ.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ತೋಳನ್ನು ಎತ್ತುವುದು ಕಷ್ಟ, ಬೆನ್ನ ಹಿಂದಕ್ಕೆ ಒಯ್ಯುವುದು ಇನ್ನೂ ಕಷ್ಟ. ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವ ಸ್ಪೋರ್ಟ್ಸ್ ಬ್ರಾ ಎಷ್ಟು ಮೆತ್ತಗಿದ್ದರೂ ಆಗ ಕೆಲಸಕ್ಕೆ ಬಾರದು. ಮುಂದೆ ತೆರೆಯುವಂಥದ್ದೇ ಬೇಕು. ಹುಕ್ಕೋ ಜಿಪ್ಪೋ ವೆಲ್ಕ್ರೋವೋ, ಒಂದೇ ಕೈಯಲ್ಲಿ ಹಾಕಿ ತೆಗೆಯಲು ಬರುವಂತಿರಬೇಕು. ಡ್ರೆಸ್ಸಿಂಗಿಗೆ ಹೋದಾಗ ಇಡೀ ಮೈ ಬರಿದು ಮಾಡದೆ ಗಾಯದ ಬದಿಯನ್ನಷ್ಟೇ ತೆರೆದು ತೋರಿಸಲು ಸಾಧ್ಯವಾಗುವುದೂ ಮುಂದಿನ ಹುಕ್ಕಿನಿಂದಲೇ. ಹೊರರೋಗಿಗಳ ವಿಭಾಗದ ಅರೆಪರದೆಯ ಹಿಂದೆ ಕುಳಿತವಳಿಗೆ ಅದೆಷ್ಟು ಮುಖ್ಯವೆಂದು ವಿವರಿಸಬೇಕಿಲ್ಲ.

ತಂತಿ ಇರುವ ಬ್ರಾ ಬೇಡವೆನ್ನುವುದು ಎಲ್ಲರೂ ಹೇಳುವ ಮಾತು. ಕಾರಣ ಹೇಳುವವರು ಕಡಿಮೆ. ಸ್ತನದ ಕೆಳಗಿನ ಮಡಿಕೆಯಲ್ಲಿ, ಪಕ್ಕೆಯ ಉದ್ದಕ್ಕೆ, ಎಲ್ಲಿ ಹೊಲಿಗೆ ಬಿದ್ದಿರುತ್ತದೆಯೋ ಎಲ್ಲಿ ಊತ ಇಳಿಯಬೇಕೋ ಅಲ್ಲಿಯೇ ತಂತಿ ಒತ್ತುತ್ತದೆ. ಕಿರಿದಾದ ಭುಜಪಟ್ಟಿಯದೂ ಇದೇ ಸಮಸ್ಯೆ: ಭಾರವೆಲ್ಲ ಒಂದು ಗೆರೆಯ ಮೇಲೆ ಬಿದ್ದು ಭುಜದಲ್ಲಿ ಕಾಲುವೆ ಮೂಡುತ್ತದೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಆ ಬದಿಯ ಕೈ ಬಾತುಕೊಳ್ಳುತ್ತದೆ. ಆ ಬದಿಯ ಭುಜ, ಕಂಕುಳು, ಪಕ್ಕೆಗಳಲ್ಲಿ ಬಿಗಿಯಾದ ಗೆರೆ ಯಾವುದೂ ಮೂಡದಂತೆ ನೋಡಿಕೊಳ್ಳಬೇಕಾದ್ದು ಇದಕ್ಕಾಗಿ. ಭುಜದ ಪಟ್ಟಿ ಅಗಲವಾಗಿ ಮೆತ್ತಗಿರಲಿ, ಎದೆಯ ಕೆಳಗಿನ ಪಟ್ಟಿಯೂ ಅಗಲವಾಗಿರಲಿ, ಭಾರವನ್ನು ಭುಜಕ್ಕಿಂತ ಹೆಚ್ಚಾಗಿ ಆ ಕೆಳಪಟ್ಟಿ ಹೊರಲಿ. ಕಂಕುಳಿನ ಬಳಿ ಬಟ್ಟೆ ಎತ್ತರಕ್ಕೆ ಬಂದು ಗಾಯವನ್ನು ಮುಚ್ಚಿದರೆ ತೋಳು ಆಡಿದಾಗ ಅಂಚು ಉಜ್ಜುವುದಿಲ್ಲ. ಒಳಗೆ ಲೇಸು, ಗಟ್ಟಿ ಹೊಲಿಗೆ, ಚುಚ್ಚುವ ಲೇಬಲ್ ಇರಬಾರದು. ಬಟ್ಟೆ ಮೆತ್ತನೆಯ ಹತ್ತಿಯ ಹೊಸೈರಿಯಾದರೆ ಬೆವರು ಹೀರುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ನೈಲಾನ್ ಶತ್ರು.

ಇಲ್ಲೊಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದೇ. ಕಂಕುಳಿನ ಮೂಲಕ ಹಾದು ತೋಳಿನ ಒಳಬದಿಯ ಚರ್ಮಕ್ಕೆ ಸಂವೇದನೆ ಕೊಡುವ ಒಂದು ನರ ಈ ಶಸ್ತ್ರಚಿಕಿತ್ಸೆಯಲ್ಲಿ ಅನೇಕ ಸಲ ಕತ್ತರಿಸಿಹೋಗುತ್ತದೆ ಅಥವಾ ಎಳೆದು ನೋಯುತ್ತದೆ. ಅದರಿಂದ ಕಂಕುಳು, ತೋಳಿನ ಒಳಬದಿ, ಎದೆಯ ಪಕ್ಕ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಅದು ತಿಂಗಳುಗಳ ಕಾಲ, ಕೆಲವರಿಗೆ ಶಾಶ್ವತ. ನಾವು ಬಟ್ಟೆ ಬಿಗಿಯಾಯಿತೆಂದು ಅರಿಯುವುದೇ ಚರ್ಮ ಹೇಳುವುದರಿಂದ. ಇವಳ ಚರ್ಮಕ್ಕೆ ಆ ಶಕ್ತಿಯೇ ಹೋಗಿದೆ. "ಹಾಯಾಗಿದೆಯಾ?" ಎಂದು ಕೇಳಿದರೆ "ಹ್ಞೂಂ, ಏನೂ ಗೊತ್ತಾಗಲ್ಲ" ಎನ್ನುತ್ತಾಳೆ; ಅಷ್ಟರಲ್ಲಿ ಅಂಚು ಚರ್ಮವನ್ನು ತಿಂದಿರುತ್ತದೆ. ಆದ್ದರಿಂದ ಹಾಯೆನಿಸುವುದೇ ಪರೀಕ್ಷೆಯಾಗಲಾರದು, ಕಣ್ಣಿನಿಂದಲೂ ನೋಡಬೇಕು. ಹೊಸದನ್ನು ಮನೆಯಲ್ಲಿ ಒಂದು ಗಂಟೆ ತೊಟ್ಟು, ತೆಗೆದು, ಕನ್ನಡಿಯ ಮುಂದೆ ನಿಂತು ಎಲ್ಲೆಲ್ಲಿ ಕೆಂಪು ಗೆರೆ ಬಿದ್ದಿದೆಯೆಂದು ನೋಡುವುದು, ಅದು ಸ್ವಲ್ಪ ಹೊತ್ತಿನಲ್ಲೇ ಮಾಯದಿದ್ದರೆ ಆ ಬ್ರಾವನ್ನು ಬದಿಗಿಡುವುದು, ಕೆಳಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ ಎಂದು ತೂರಿಸಿ ನೋಡುವುದು: ಇಷ್ಟನ್ನು ಹೇಳಿಕೊಡಲು ಐದು ನಿಮಿಷ ಸಾಕು. ಕನ್ನಡಿ ನೋಡಿಕೊಳ್ಳಲು ಇನ್ನೂ ಧೈರ್ಯ ಬಾರದವರು ಬಹಳ ಮಂದಿ ಇರುತ್ತಾರೆ. ಅವರ ಪರವಾಗಿ ತಂಗಿಯೋ ಮಗಳೋ ನೋಡಲಿ.

ಎಲ್ಲ ಆಪರೇಷನ್ನಿಗೂ ಒಂದೇ ಬ್ರಾ ಸಾಲದು ಎಂಬುದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿತ್ತು; ದಶಕಗಳ ಕಾಲ ಅದೇ ನಿಯಮವಾಗಿತ್ತು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ, ತಕ್ಕ ರೋಗಿಗಳಲ್ಲಿ, ಬದುಕುಳಿಯುವ ಸಾಧ್ಯತೆ ಅಷ್ಟೇ ಇರುತ್ತದೆ ಎಂದು ಇಟಲಿಯ ಉಂಬರ್ಟೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಶರ್ ತಂಡಗಳು ಇಪ್ಪತ್ತು ವರ್ಷ ರೋಗಿಗಳನ್ನು ಹಿಂಬಾಲಿಸಿ 2002ರಲ್ಲಿ ತೋರಿಸಿದವು. ಹೀಗೆ ಸ್ತನವನ್ನು ಉಳಿಸಿಕೊಂಡವಳ ಅಗತ್ಯ ಬೇರೆ. ಆಪರೇಷನ್ ಆದ ಸ್ತನ ಅಲುಗಾಡಿದರೆ ಒಳಗಿನ ಗಾಯ ಜಗ್ಗಿ ನೋಯುತ್ತದೆ, ಆದ್ದರಿಂದ ಅವಳಿಗೆ ಸಡಿಲಿಗಿಂತ ಮೆತ್ತನೆಯ ಹಿಡಿತ ಬೇಕು. ಮೊದಲ ಕೆಲವು ದಿನ ರಾತ್ರಿಯೂ ಹಾಕಿಕೊಂಡೇ ಮಲಗಲು ಅನೇಕ ಸರ್ಜನ್ನರು ಹೇಳುತ್ತಾರೆ. ಬೆನ್ನಿನ ಸ್ನಾಯುವನ್ನು ತಂದು ಸ್ತನವನ್ನು ಮರುನಿರ್ಮಿಸಿದ್ದರೆ ಬೆನ್ನಿನಲ್ಲೂ ಹೊಲಿಗೆ ಇರುತ್ತದೆ, ಸರಿಯಾಗಿ ಬ್ರಾದ ಪಟ್ಟಿ ಹಾದುಹೋಗುವ ಜಾಗದಲ್ಲೇ. ಹೊಟ್ಟೆಯ ಭಾಗವನ್ನು ತಂದು ಕಟ್ಟಿದ್ದರೆ ಹೊಸದಾಗಿ ಜೋಡಿಸಿದ ರಕ್ತನಾಳಗಳ ಮೇಲೆ ಒತ್ತಡ ಬೀಳುವುದು ಅಪಾಯ. ಅಂಥವರು ಸರ್ಜನ್ ಒಪ್ಪುವವರೆಗೆ ಬ್ರಾ ಮುಟ್ಟಬಾರದು. ವಿಕಿರಣ ಚಿಕಿತ್ಸೆಯ ವಾರಗಳಲ್ಲಿ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪಾಗಿ ಸುಲಿಯುತ್ತದೆ. ಆಗ ಮನೆಯಲ್ಲಿದ್ದಷ್ಟು ಹೊತ್ತು ಹಳೆಯ ಮಲ್ಲು ಬಟ್ಟೆಯ ಸಡಿಲ ಅಂಗಿಯೇ ಒಳ್ಳೆಯದು. ಕೀಮೋಗಾಗಿ ಕಾಲರ್ ಮೂಳೆಯ ಕೆಳಗೆ ಔಷಧಿ ಹರಿಸುವ ಪೋರ್ಟ್ ಕೂರಿಸಿದ್ದರೆ, ಸಾಮಾನ್ಯವಾಗಿ ಅದು ಗಾಯವಿಲ್ಲದ ಬದಿಯಲ್ಲಿರುತ್ತದೆ. ಆ ಬದಿಯ ಭುಜಪಟ್ಟಿ ಹಾದುಹೋಗುವುದು ಅದರ ಮೇಲೆಯೇ. ಗಾಯವಾದ ಬದಿಯನ್ನು ಜೋಪಾನ ಮಾಡಿ, ಗಾಯವಿಲ್ಲದ ಬದಿಯಲ್ಲಿ ದಿನವಿಡೀ ಉಜ್ಜಿಸಿಕೊಳ್ಳುವವರಿದ್ದಾರೆ. ಇಷ್ಟೆಲ್ಲ ಭೇದಗಳನ್ನು ಬಟ್ಟೆ ಅಂಗಡಿಯ ಹುಡುಗಿ ಬಲ್ಲಳೇ? ಬಲ್ಲವರು ಆಸ್ಪತ್ರೆಯಲ್ಲಿದ್ದಾರೆ. ಹೇಳಬೇಕಾದವರೂ ಅವರೇ.

ಸ್ತನವನ್ನು ಪೂರ್ತಿ ತೆಗೆದವರಿಗೆ ಆ ಜಾಗ ತುಂಬುವ ಕೃತಕ ಸ್ತನದ ಪ್ರಶ್ನೆ ಬರುತ್ತದೆ. ಮೊದಲ ವಾರಗಳಲ್ಲಿ ಗಾಯದ ಮೇಲೆ ಭಾರ ಹೇರಬಾರದಾದ್ದರಿಂದ ಹತ್ತಿ ಅಥವಾ ಹಗುರ ನಾರು ತುಂಬಿದ ಮೆತ್ತೆಯನ್ನು ಬ್ರಾದ ಒಳಗಿನ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಗಾಯ ಪೂರ್ತಿ ಮಾಗಿ, ಆರೆಂಟು ವಾರ ಕಳೆದು, ಡಾಕ್ಟರು ಸರಿ ಎಂದ ಮೇಲೆ, ಬೇಕೆನಿಸಿದರೆ, ಸಿಲಿಕೋನಿನದು. ಅದಕ್ಕೆ ತೂಕವಿದೆ, ಭಾರವಾದ ಮೈಕಟ್ಟಿನವರಿಗೆ ಒಂದು ಬದಿ ಖಾಲಿಯಾಗಿ ಭುಜ ವಾಲುವುದು, ಕತ್ತು ನೋಯುವುದು ಇದ್ದರೆ ಆ ತೂಕ ನೆರವಾಗಬಹುದು. ಬೆಲೆ ಮಾತ್ರ ಸಾವಿರಗಳಲ್ಲಿ. ನಮ್ಮ ಬಿಸಿಲಲ್ಲಿ ಹೊಲಗದ್ದೆ ಕೆಲಸ ಮಾಡುವವರಿಗೆ ಅದರ ಬೆವರು ತಡೆಯುವುದೂ ಕಷ್ಟ. ನೂಲಿನಿಂದ ಹೆಣೆದ ಹಗುರ ಸ್ತನಗಳನ್ನು ಉಚಿತವಾಗಿ ಹಂಚುವ ಕೆಲಸ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದೆ, ಭಾರತದಲ್ಲೂ ಕ್ರೋಶ ಕಡ್ಡಿ ಹಿಡಿದು ಅಂಥವನ್ನು ಹೆಣೆದುಕೊಡುವ ಮಹಿಳೆಯರ ಗುಂಪುಗಳಿವೆ. ನಮ್ಮ ಹವೆಗೆ ಇವು ಸಿಲಿಕೋನಿಗಿಂತ ಹೆಚ್ಚು ಒಗ್ಗುತ್ತವೆ, ಒಗೆದು ಒಣಗಿಸಿದರೆ ಮತ್ತೆ ಹೊಸದರಂತಾಗುತ್ತವೆ.

ಈಗ ಒಂದು ಆಕ್ಷೇಪಕ್ಕೆ ಬರುತ್ತೇನೆ. ಇದೆಲ್ಲ ಕಡೆಗೂ ಹೆಣ್ಣಿನ ಮೈಯನ್ನು 'ಮೊದಲಿನಂತೆ' ಕಾಣಿಸಬೇಕೆಂಬ ಒತ್ತಾಯವೇ ಅಲ್ಲವೇ? ಅಮೆರಿಕದ ಕವಿ ಆಡ್ರೆ ಲಾರ್ಡ್ 1978ರಲ್ಲಿ ಒಂದು ಸ್ತನವನ್ನು ಕಳೆದುಕೊಂಡರು. ಆಸ್ಪತ್ರೆಗೆ ಬಂದ ಒಬ್ಬ ಸಹೃದಯ ಸ್ವಯಂಸೇವಕಿ ಅವರ ಕೈಗೆ ಉಣ್ಣೆ ತುಂಬಿದ ಮೆತ್ತೆಯೊಂದನ್ನು ಕೊಟ್ಟು ಹೋದರು. ಮುಂದೆ ಅದಿಲ್ಲದೆ ಸರ್ಜನ್ನರ ಕಚೇರಿಗೆ ಹೋದಾಗ, ಹೀಗೆ ಬಂದರೆ ಉಳಿದ ರೋಗಿಗಳ ಮನೋಬಲ ಕುಗ್ಗುತ್ತದೆ ಎಂದು ಅಲ್ಲಿಯ ನರ್ಸ್ ಆಕ್ಷೇಪಿಸಿದಳು. ಲಾರ್ಡ್ ಇದನ್ನು ಎಂದೂ ಮರೆಯಲಿಲ್ಲ. 1980ರಲ್ಲಿ ಪ್ರಕಟವಾದ 'ದಿ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಅದನ್ನು ಬರೆದು, ಇಲ್ಲವಾದದ್ದನ್ನು ಇದೆಯೆಂದು ತೋರಿಸುವ ಈ ಒತ್ತಾಯ ಹೆಂಗಸು ತನ್ನ ನಷ್ಟವನ್ನು ತಾನೇ ಎದುರಿಸದಂತೆ ಮಾಡುತ್ತದೆ, ಹೀಗೆ ಎದೆಯೊಂದನ್ನು ಕಳೆದುಕೊಂಡವರು ಒಬ್ಬರನ್ನೊಬ್ಬರು ಗುರುತಿಸದಂತೆಯೂ ಮಾಡುತ್ತದೆ ಎಂದು ವಾದಿಸಿದರು.

ಲಾರ್ಡ್ ಹೇಳಿದ್ದು ನಿಜ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪುವುದರಿಂದಲೇ ಗಾಯಕ್ಕೆ ತೊಡುವ ಬ್ರಾವನ್ನೂ ಆಕಾರಕ್ಕೆ ತೊಡುವ ಬ್ರಾವನ್ನೂ ಬೇರೆ ಮಾಡಿ ನೋಡಬೇಕೆನ್ನುತ್ತೇನೆ. ಮೊದಲನೆಯದು ಊತ, ನೋವು, ಹೊಲಿಗೆ, ನಳಿಕೆಗಳಿಗೆ ಸಂಬಂಧಿಸಿದ್ದು. ಅದು ಎಲ್ಲರಿಗೂ ಸಲ್ಲಬೇಕಾದದ್ದು. ಎರಡನೆಯದು ಅವಳ ಇಷ್ಟ. ಬೇಕೆಂದರೆ ಕೊಡಬೇಕು, ಬೇಡವೆಂದರೆ ಯಾಕೆ ಬೇಡ ಎಂದು ಯಾರೂ ಕೇಳಕೂಡದು. ಸಮತಟ್ಟಾದ ಎದೆಯಲ್ಲೇ ಓಡಾಡುತ್ತೇನೆ ಎನ್ನುವವಳು ಗಟ್ಟಿಗಿತ್ತಿ, ಮೆತ್ತೆ ಇಟ್ಟುಕೊಂಡವಳು ಅಂಜುಬುರುಕಿ ಎಂದೂ ತಿಳಿಯಬಾರದು. ಮದುವೆಮನೆಯ ಪಂಕ್ತಿಯಲ್ಲಿ ನೂರು ಕಣ್ಣುಗಳ ನಡುವೆ ಕುಳಿತು ಊಟ ಮಾಡಬೇಕಾದವಳು ಅವಳೇ, ತೀರ್ಮಾನವೂ ಅವಳದೇ ಆಗಿರಲಿ. ನಮ್ಮಲ್ಲಿ ಸದ್ಯ ನಡೆಯುತ್ತಿರುವುದು ವಿಚಿತ್ರ: ಆಕಾರದ ಬಗ್ಗೆ ನೆಂಟರೂ ಅಂಗಡಿಯವರೂ ಸಲಹೆ ಕೊಡುತ್ತಾರೆ, ಗಾಯದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಮಾರುಕಟ್ಟೆಗೆ ಬಿಟ್ಟರೆ ಅದೇ ಸರಿಮಾಡಿಕೊಳ್ಳುತ್ತದೆ ಎನ್ನುವವರಿಗೆ ರೂತ್ ಹ್ಯಾಂಡ್ಲರ್ ಅವರ ಕತೆ ಹೇಳಬೇಕು. 1959ರಲ್ಲಿ ಬಾರ್ಬಿ ಗೊಂಬೆಯನ್ನು ಮಾರುಕಟ್ಟೆಗೆ ತಂದ ಉದ್ಯಮಿ ಅವರು. 1970ರಲ್ಲಿ ಸ್ತನ ತೆಗೆಸಿಕೊಂಡ ಮೇಲೆ ಕೃತಕ ಸ್ತನ ಕೊಳ್ಳಲು ಹೋದರೆ ಅಂಗಡಿಯಲ್ಲಿ ಸಂಕೋಚದ ಪಿಸುಮಾತು, ಕೈಗೆ ಸಿಕ್ಕಿದ್ದು ಆಕಾರವಿಲ್ಲದ ಒಂದು ಉಂಡೆ. ಎಡಕ್ಕೂ ಬಲಕ್ಕೂ ಒಂದೇ ಅಚ್ಚು. ಎಡಗಾಲು ಬಲಗಾಲಿಗೆ ಬೇರೆ ಬೇರೆ ಚಪ್ಪಲಿ ಇರುವಾಗ ಇದಕ್ಕೇಕೆ ಇಲ್ಲವೆಂದು ಹಟ ಹಿಡಿದು, ಕೃತಕ ಅಂಗಗಳ ತಜ್ಞ ಪೇಟನ್ ಮ್ಯಾಸಿ ಜೊತೆ ಕೂಡಿ, 1970ರ ದಶಕದ ಮಧ್ಯದಲ್ಲಿ 'ನಿಯರ್ಲಿ ಮಿ' ಎಂಬ ಹೆಸರಿನಲ್ಲಿ ಎಡ–ಬಲ ಬೇರೆಯಾದ, ಅಳತೆಗೆ ತಕ್ಕ ಕೃತಕ ಸ್ತನಗಳನ್ನು ತಯಾರಿಸಿದರು. ಊರೂರಿನ ದೊಡ್ಡ ಅಂಗಡಿಗಳಿಗೆ ಹೋಗಿ ಹೆಂಗಸರಿಗೆ ತಾವೇ ಅಳತೆ ನೋಡಿ ಕೊಟ್ಟರು. 1974ರಲ್ಲಿ ಇದೇ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅದನ್ನು ದೇಶಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರೂ ಹ್ಯಾಂಡ್ಲರ್ ಬಳಿ ಅಳತೆ ಮಾಡಿಸಿಕೊಂಡವರು. ಕೋಟ್ಯಧೀಶೆಯಾದ ಉದ್ಯಮಿಯೊಬ್ಬಳ ಮೈಗೇ ಆ ಗಾಯವಾಗುವವರೆಗೆ ಮಾರುಕಟ್ಟೆಗೆ ಎಡ–ಬಲ ಕೂಡ ಹೊಳೆದಿರಲಿಲ್ಲ. ಸಿಂಧನೂರಿನ ಕೂಲಿ ಹೆಂಗಸಿನ ಗಾಯ ಯಾವ ಕಂಪನಿಗೆ ಹೊಳೆಯಬೇಕು?

ಹೊಣೆಯನ್ನು ಸಾರ್ವಜನಿಕವಾಗಿ ಹೊತ್ತ ದೇಶಗಳಿವೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಸ್ತನ ತೆಗೆಸಿಕೊಂಡವರಿಗೆ ಮೊದಲು ಹಗುರ ಮೆತ್ತೆ, ಗಾಯ ಮಾಗಿದ ಮೇಲೆ ಸಿಲಿಕೋನಿನ ಕೃತಕ ಸ್ತನ ಉಚಿತವಾಗಿ ಸಿಗುತ್ತದೆ. ಅಳತೆ ನೋಡಿ ಕೊಡುವ ಸ್ತನ ಆರೈಕೆಯ ನರ್ಸುಗಳಿದ್ದಾರೆ. ಅಮೆರಿಕದಲ್ಲಿ 1998ರ ಕಾಯ್ದೆಯೊಂದು, ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ವಿಮೆ ಮರುನಿರ್ಮಾಣಕ್ಕೂ ಕೃತಕ ಸ್ತನಕ್ಕೂ ಕೈ ಬಾವಿನ ಚಿಕಿತ್ಸೆಗೂ ಕೊಡಲೇಬೇಕೆಂದು ವಿಧಿಸಿತು. ಶ್ರೀಮಂತ ದೇಶಗಳ ಮಾತು ನಮಗೇಕೆ ಎನ್ನುವುದಾದರೆ, ನಮ್ಮದೇ ಜೈಪುರ ಕಾಲು ಇದೆ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಅವರ ಕೈಯಲ್ಲಿ ರೂಪುಗೊಂಡ ಅದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ ನಮ್ಮ ಜನರಿಗೆಂದೇ ಆದದ್ದು. ಉಚಿತವಾಗಿ ಲಕ್ಷಾಂತರ ಜನರಿಗೆ ತಲುಪಿದ್ದು. ಕಾಲು ಕಳೆದುಕೊಂಡವರ ವಿಷಯದಲ್ಲಿ ನಾವು ಇಷ್ಟು ಯೋಚಿಸಿದ್ದೇವೆ. ಮುಟ್ಟಿನ ವಿಷಯ ಬಾಯಲ್ಲಿ ಆಡಬಾರದೆಂದಿದ್ದ ಕಾಲವನ್ನು ದಾಟಿ, ಶಾಲೆಯ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಹಂಚುವ 'ಶುಚಿ' ಯೋಜನೆಯನ್ನು ಕರ್ನಾಟಕ ಸರ್ಕಾರವೇ ತಂದಿತು. ನಾಚಿಕೆಯ ಕಾರಣ ಹೇಳಿ ಇದೊಂದನ್ನು ಬಿಟ್ಟಿರಲು ಇನ್ನು ನೆಪವಿಲ್ಲ.

ಮತ್ತೆ, ನಮ್ಮ ನೆಲದಲ್ಲಿ ಇದಕ್ಕೆ ಬೇಕಾದ ತಿಳಿವಳಿಕೆಯೂ ಇದೆ. ಉತ್ತರ ಕರ್ನಾಟಕದ ಅಜ್ಜಿಯರು ಗುಳೇದಗುಡ್ಡದ ಖಣದಲ್ಲಿ ಹೊಲಿಸಿಕೊಂಡು ಮುಂದೆ ಗಂಟು ಕಟ್ಟುತ್ತಿದ್ದ ಕುಪ್ಪಸವನ್ನು ನೆನೆಸಿಕೊಳ್ಳಿ. ಮುಂದೆ ತೆರೆಯುತ್ತದೆ, ಊತ ಇದ್ದ ದಿನ ಸಡಿಲವಾಗಿ, ಇಳಿದ ದಿನ ಬಿಗಿಯಾಗಿ ಕಟ್ಟಿಕೊಳ್ಳಲು ಬರುತ್ತದೆ, ಎದೆಯ ಕೆಳಗೆ ಗಂಟಿನ ಆಸರೆ ಇರುತ್ತದೆ. ಇಂದಿನ ರವಿಕೆಯೂ ಬಹುಪಾಲು ಮುಂದೆ ಹುಕ್ಕಿರುವಂಥದ್ದೇ. ಜೀವಮಾನದಲ್ಲಿ ಬ್ರಾ ತೊಡದ ಲಕ್ಷಾಂತರ ಹಿರಿಯ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ. ಎಪ್ಪತ್ತರ ಅಜ್ಜಿಗೆ ಆಪರೇಷನ್ ಆಯಿತೆಂದು ಅಂದಿನಿಂದ ಬ್ರಾ ಹಾಕು ಎನ್ನುವುದು ಅರ್ಥವಿಲ್ಲದ ಮಾತು. ಅವರಿಗೆ ಬೇಕಾದ್ದು ಬುದ್ಧಿವಂತಿಕೆಯಿಂದ ಹೊಲಿದ ರವಿಕೆ. ಊರಿನ ಟೈಲರಮ್ಮನಿಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ಕಟೋರಿ ಕಟ್ ಬೇಡ, ಅದರ ಜೋಡಣೆ ನೇರ ಗಾಯದ ಮೇಲೆ ಬರುತ್ತದೆ. ಗಾಯದ ಬದಿಗೆ ಡಾಟ್ಸೂ ಬೇಡ. ಕಂಕುಳಿನಲ್ಲಿ ಸಡಿಲ ಬಿಡು, ತೋಳು ಬಾತರೆ ಬಿಚ್ಚಿ ಅಗಲ ಮಾಡಲು ತೋಳಿನ ಹೊಲಿಗೆಯಲ್ಲಿ ಒಳಗೆ ಎರಡು ಇಂಚು ಬಟ್ಟೆ ಬಿಡು. ಮೆತ್ತನೆಯ ಹತ್ತಿಯ ಲೈನಿಂಗ್ ಕೊಟ್ಟು ಅದರಲ್ಲಿ ಮೇಲಿಂದ ಕೈ ಹೋಗುವ ಹಾಗೆ ಒಂದು ಜೇಬು ಇಡು. ಹುಕ್ಕುಗಳ ಹಿಂದೆ ಮೈಗೆ ತಾಗದಂತೆ ಅಗಲದ ಪಟ್ಟಿ ಕೊಡು. ಸೀರೆಯ ಸೆರಗು ಎಡಭುಜದ ಮೇಲೆ ಬರುವುದರಿಂದ ಎಡಬದಿಗೆ ಆಪರೇಷನ್ ಆದವರಿಗೆ ಮರೆ ಸಿಗುತ್ತದೆ, ಆದರೆ ಜರಿಯ ಸೆರಗಿನ ಭಾರವೂ ಪಿನ್ನೂ ಅದೇ ಭುಜದ ಮೇಲೆ. ಕೈ ಬಾವಿರುವವರು ಕೆಲವು ತಿಂಗಳಾದರೂ ಹಗುರ ಸೀರೆ ಉಡುವುದು ಒಳಿತು. ಇವು ಯಾವುದೂ ಹೊಸ ತಂತ್ರಜ್ಞಾನವಲ್ಲ.

ಹಾಗಾದರೆ ತಡೆ ಎಲ್ಲಿದೆ? ಹಣದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಗಾರ್ಮೆಂಟ್ಸುಗಳಲ್ಲಿ ಹೊರದೇಶದ ಹೆಂಗಸರಿಗಾಗಿ ಹಗಲಿಡೀ ಬಟ್ಟೆ ಹೊಲಿಯುವವರು ನಮ್ಮ ಹೆಣ್ಣುಮಕ್ಕಳು. ಜಿಲ್ಲೆ ಜಿಲ್ಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಸ್ತ್ರೀಶಕ್ತಿ ಸಂಘಗಳಿವೆ. ಹೊಸೈರಿ ಬಟ್ಟೆ, ಅಗಲ ಎಲಾಸ್ಟಿಕ್, ಹುಕ್ಕು, ಹತ್ತಿ: ಇವಕ್ಕೆ ತಗಲುವ ವೆಚ್ಚ ಕೀಮೋದ ಒಂದು ಸುತ್ತಿನ ಮುಂದೆ ಲೆಕ್ಕಕ್ಕೇ ಬಾರದು. ತಡೆ ಇರುವುದು ಇದನ್ನು ಯಾರ ಕೆಲಸವೆಂದು ಎಣಿಸುತ್ತೇವೆ ಎಂಬುದರಲ್ಲಿ. ಸರ್ಜನ್ನರಿಗೆ ಇದು ನರ್ಸಿನ ಕೆಲಸ, ನರ್ಸಿಗೆ ಮನೆಯವರ ಕೆಲಸ, ಮನೆಯವರಿಗೆ ಹೆಂಗಸರ ಒಳಗಿನ ವಿಷಯ. ಸರದಿ ಬಂದು ನಿಲ್ಲುವುದು ರೋಗಿಯ ಬಳಿಯಲ್ಲೇ, ಅವಳು ತೀರ ದಣಿದಿರುವ ದಿನಗಳಲ್ಲಿ.

ಜೀವ ಉಳಿಸುವ ಒತ್ತಡದಲ್ಲಿರುವ ಸರ್ಕಾರಿ ಆಸ್ಪತ್ರೆಯ ಮುಂದೆ ಬ್ರಾದ ಬೇಡಿಕೆ ಇಡುವುದು ಸಣ್ಣತನವೆಂದು ಹೇಳುವವರ ಕಳಕಳಿ ನನಗೆ ಅರ್ಥವಾಗುತ್ತದೆ. ಒಬ್ಬ ಸರ್ಜನ್ ಎದುರು ನೂರಾರು ಜನ ಕಾದಿರುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ತೋಳಿನ ವ್ಯಾಯಾಮ ಮಾಡದಿದ್ದರೆ ಭುಜ ಸೆಟೆದುಕೊಳ್ಳುತ್ತದೆ. ವಿಕಿರಣಕ್ಕೆ ತೋಳನ್ನು ತಲೆಯ ಮೇಲೆ ಎತ್ತಿ ಮಲಗಬೇಕು. ಭುಜ ಏಳದಿದ್ದರೆ ಆ ಚಿಕಿತ್ಸೆಯೇ ಮುಂದಕ್ಕೆ ಹೋಗುತ್ತದೆ. ಎದೆಗೆ ಆಸರೆಯಿಲ್ಲದೆ ಚುಚ್ಚುವ, ಉಜ್ಜುವ ಬಟ್ಟೆ ತೊಟ್ಟವಳು ವ್ಯಾಯಾಮ ಬಿಡುತ್ತಾಳೆ, ನಡೆದಾಡುವುದನ್ನು ಬಿಡುತ್ತಾಳೆ, ಜನರ ನಡುವೆ ಬಸ್ಸು ಹತ್ತಿ ಮುಂದಿನ ತಪಾಸಣೆಗೆ ಬರುವುದನ್ನೂ ಮುಂದೂಡುತ್ತಾಳೆ. ಬಟ್ಟೆಯ ಪ್ರಶ್ನೆ ಚಿಕಿತ್ಸೆಯ ಒಳಗೇ ಇದೆ ಎಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಆರೋಗ್ಯ ಯೋಜನೆಗಳಡಿ ಶಸ್ತ್ರಚಿಕಿತ್ಸೆಗೆ ಪ್ಯಾಕೇಜು ನಿಗದಿ ಮಾಡುವಾಗ ಅರಿವಳಿಕೆ, ಹೊಲಿಗೆ ದಾರ, ಡ್ರೈನ್ ನಳಿಕೆಗಳ ಸಾಲಿನಲ್ಲಿ ಎರಡು ಬ್ರಾ ಅಥವಾ ಎರಡು ರವಿಕೆ, ಒಂದು ಡಬ್ಬಿ ಚೀಲ, ಒಂದು ಹಗುರ ಮೆತ್ತೆಯನ್ನೂ ಹೆಸರಿಟ್ಟು ಬರೆಯಬೇಕು. ಎರಡು ಯಾಕೆಂದರೆ ಒಂದು ಒಗೆದು ಒಣಗುವಾಗ ಮೈಮೇಲೆ ಇನ್ನೊಂದು ಇರಬೇಕು. ಜಿನುಗು ಗಾಯಕ್ಕೆ ದಿನವೂ ಒಗೆದ ಬಟ್ಟೆಯೇ ಬೇಕು. ವಾರ್ಡಿನ ಒಬ್ಬ ನರ್ಸಿಗೆ ಅಳತೆ ನೋಡುವ ತರಬೇತಿ ಕೊಟ್ಟು, ಆ ಕೆಲಸವನ್ನು ಆಕೆಯ ಹೆಸರಿಗೇ ಬರೆಯಬೇಕು. ಊರಿನಲ್ಲಿ ಆಶಾ ಕಾರ್ಯಕರ್ತೆಗೂ ತಿಳಿದಿದ್ದರೆ, ಕೆಂಪು ಗೆರೆ ನೋಡಿ "ಅಕ್ಕಾ, ಇದು ಬಿಗಿ ಆಯ್ತು, ಬಿಚ್ಚಿ" ಎನ್ನಲು ಹತ್ತಿರದಲ್ಲಿ ಒಬ್ಬಳಾದರೂ ಇರುತ್ತಾಳೆ.

ಅಳತೆಯ ವಿಷಯದಲ್ಲಿ ಒಂದು ಎಚ್ಚರ. ಆಪರೇಷನ್ನಿಗೆ ಮೊದಲಿನ ಅಳತೆ ಆಮೇಲೆ ನಡೆಯುವುದಿಲ್ಲ. ಊತದಿಂದ ಎದೆಸುತ್ತಳತೆ ಹೆಚ್ಚುತ್ತದೆ, ಕೀಮೋದ ತಿಂಗಳುಗಳಲ್ಲಿ ಮೈತೂಕವೂ ಏರಿಳಿಯುತ್ತದೆ. ಆದ್ದರಿಂದ ಮೊದಲನೆಯದನ್ನು ಒಂದು ಅಳತೆ ದೊಡ್ಡದಾಗಿ, ಹುಕ್ಕಿನ ಸಾಲು ಮೂರೋ ನಾಲ್ಕೋ ಇರುವಂಥದ್ದನ್ನು ಆರಿಸಿ, ಆರೆಂಟು ವಾರಗಳ ನಂತರ ಮತ್ತೆ ಅಳೆದು ಹೊಸದನ್ನು ಕೊಡಬೇಕು. ಮೊದಲನೆಯದನ್ನು ಕೊಡಬೇಕಾದ್ದು ಆಪರೇಷನ್ನಿನ ಹಿಂದಿನ ದಿನವೇ, ಎರಡೂ ಕೈ ಇನ್ನೂ ಸರಾಗವಾಗಿ ಆಡುತ್ತಿರುವಾಗ. ಆಗ ಅವಳು ಒಂದೇ ಕೈಯಲ್ಲಿ ಹುಕ್ಕು ಹಾಕಿ ತೆಗೆಯುವುದನ್ನು ಹಾಸಿಗೆಯ ಮೇಲೆ ಕುಳಿತೇ ಅಭ್ಯಾಸ ಮಾಡಬಹುದು, ಬರದಿದ್ದರೆ ಬೇರೆಯದನ್ನು ಕೇಳಬಹುದು, ಕೇಳಲು ಅವಳಿಗೊಬ್ಬ ನರ್ಸೂ ಇರುತ್ತಾಳೆ.